ರುಚಿ ನೋಡಿದ್ದು ಊಟವಲ್ಲ

ನೂರಾರು ಜನರ ಹೊಟ್ಟೆ ತುಂಬಿಸುವವರಿಗೆ ಕೂತು ಉಣ್ಣಲು ಹೊತ್ತಿರುವುದಿಲ್ಲ. ಇದು ನಿಮಗೆ ಗೊತ್ತು. ಗೊತ್ತಿಲ್ಲ ಅನ್ನಬೇಡಿ.

ಹತ್ತೊಂಬತ್ತು ವರ್ಷದಿಂದ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳಿಗೆ ಅಡುಗೆ ಮಾಡುತ್ತಿರುವ ಹೆಂಗಸೊಬ್ಬರಿದ್ದಾರೆ. ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಾರೆ. "ಸಂಬಂಧ ನೋಡಿ ಕರೆದ್ರೋ, ಸುತ್ತಳತೆ ನೋಡಿ ಕರೆದ್ರೋ, ದೇವರಿಗೇ ಗೊತ್ತು" ಎಂದು ಅವರೇ ನಗುತ್ತಾರೆ.

ಅವರ ಬಲಮಂಡಿ ಸವೆದುಹೋಗಿತ್ತು. ಅದೇ ಆಸ್ಪತ್ರೆಯ ಮೂಳೆ ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟರು, ಆದರೆ ಆರು ವಾರದಲ್ಲಿ ಐದು ಕೆ.ಜಿ. ಇಳಿಯಬೇಕು ಎಂದರು. ತಪ್ಪಿದರೆ ಮುಂದಿನ ಸರದಿ ಒಂದು ವರ್ಷದ ಮೇಲೆ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಒಲೆಯ ಮುಂದೆ ನಿಲ್ಲುವ ಕೆಲಸ. ಆ ಮಂಡಿ ವರ್ಷ ತಡೆಯುವಂತಿರಲಿಲ್ಲ. ಮಂಡಿ ಹೋದರೆ ಕೆಲಸವೂ ಹೋದಂತೆ.

ಮಗಳು ಮೊಬೈಲಿನಲ್ಲಿ ಕ್ಯಾಲರಿ ಎಣಿಸುವ ಆ್ಯಪ್ ಹಾಕಿಕೊಟ್ಟಳು. ದಿನಕ್ಕೆ ಸಾವಿರದ ನಾನೂರು, ಮೀರುವಂತಿಲ್ಲ. ದೊಡ್ಡಮ್ಮ ಒಂದು ತುತ್ತೂ ಬಿಡದೆ ಬರೆದರು. ಮೂರು ವಾರ ಕಳೆದರೂ ತೂಕದ ಮುಳ್ಳು ಜಪ್ಪಯ್ಯ ಎಂದರೂ ಕದಲಲಿಲ್ಲ.

"ಅಮ್ಮಾ, ನಿಜ ಹೇಳು. ಕದ್ದು ತಿಂತಿದ್ದೀಯಾ?"

"ನಿನ್ನಾಣೆಗೂ ಇಲ್ಲ ಕಣೆ! ತಿಂದಿದ್ದೆಲ್ಲ ಬರೆದಿದ್ದೀನಲ್ಲ."

"ಮತ್ತೆ ಅಡುಗೆಮನೇಲಿ?"

"ಅಲ್ಲಿ ಎಲ್ಲಿ ತಿಂತೀನಿ? ರುಚಿ ನೋಡ್ತೀನಿ ಅಷ್ಟೇ."

"ಎಷ್ಟು ನೋಡ್ತೀಯ?"

ಉಪ್ಪಿಲ್ಲದ್ದು, ಸಕ್ಕರೆಯಿಲ್ಲದ್ದು, ಅರೆದದ್ದು, ತೆಳ್ಳಗಿನದ್ದು ಎಂದು ಹದಿನಾಲ್ಕು ಪಾತ್ರೆ. ಒಂದೊಂದಕ್ಕೂ ಎರಡು ಸಲ, ಸಲಕ್ಕೆ ಎರಡು ಚಮಚ. ಒಟ್ಟು ಐವತ್ತಾರು ಚಮಚ! ಗಂಟಲಲ್ಲಿ ಇಳಿದರೂ ನಮ್ಮ ಮಾತಿನಲ್ಲಿ ಅದು ನೋಡಿದ್ದು, ಉಂಡದ್ದಲ್ಲ. ಹತ್ತೊಂಬತ್ತು ವರ್ಷ ದೊಡ್ಡಮ್ಮ ದಿನಕ್ಕೊಂದು ಊಟವನ್ನು ಬರೀ ನೋಡಿಯೇ ಮುಗಿಸಿದ್ದರು.

ರುಚಿ ನೋಡದೆ ಪಾತ್ರೆ ವಾರ್ಡಿಗೆ ಹೋಗುವಂತಿಲ್ಲ. ಹಾಗಾಗಿ ಮಧ್ಯಾಹ್ನದ ತಟ್ಟೆಯನ್ನೇ ಬಿಟ್ಟರು. ಮುಳ್ಳು ಇಳಿಯಿತು, ಜೊತೆಗೆ ತಲೆ ತಿರುಗತೊಡಗಿತು. ಒಂದು ದಿನ ಸೌಟು ಕೈಜಾರಿ ಬಿತ್ತು. ರೋಗಿಗಳ ಊಟದ ಪಟ್ಟಿ ಬರೆಯುವ ಡಯಟ್ ಮೇಡಂ ಓಡಿಬಂದರು.

"ಕ್ಯಾಲರಿ ಆಚೆಗಿಡಿ ದೊಡ್ಡಮ್ಮ. ಪ್ರೋಟೀನು, ಕಬ್ಬಿಣದಂಶ ಎಣಿಸಿ. ಎರಡು ಮೊಟ್ಟೆ, ಒಂದು ಬಟ್ಟಲು ಬೇಳೆ, ಸೊಪ್ಪು. ಶಕ್ತಿನೂ ಇರುತ್ತೆ, ತೂಕಾನೂ ಇಳಿಯುತ್ತೆ."

"ಮೊಟ್ಟೆ ಯಾರ ತಟ್ಟೆಯಿಂದ ತೆಗೀಲಿ ಹೇಳಿ ಮೇಡಂ?"

ಮೊಟ್ಟೆ ಬರುವುದು ಹಾಸಿಗೆ ನಂಬರಿನ ಪ್ರಕಾರ. ಅಡುಗೆಯವರಿಗೆ ಉಳಿಯುವುದು ಅನ್ನ ಮತ್ತು ಆಲೂಗಡ್ಡೆ. ಮನೆಯಿಂದ ಡಬ್ಬಿ ತರೋಣವೆಂದರೆ ಸೋಂಕಿನ ಭಯ, ಹೊರಗಿನ ಊಟ ಒಳಗೆ ಬರುವಂತಿಲ್ಲ. ಸಂಬಳಕ್ಕೆ ಎಟುಕಿದ್ದು ದಿನಕ್ಕೊಂದೇ ಮೊಟ್ಟೆ, ಅದನ್ನು ಸಂಜೆ ಮನೆಯಲ್ಲಿ ಬೇಯಿಸಿಕೊಂಡರು. ಅದು ಯಾವ ಮೂಲೆಗೆ?

ಇಲ್ಲಿ ನನ್ನ ಪಿತ್ತ ನೆತ್ತಿಗೇರುತ್ತದೆ. ಕ್ಯಾಲರಿಯದು ಕಳೆಯುವ ಲೆಕ್ಕ, ಏನೂ ಇಲ್ಲದವರೂ ಮಾಡಬಹುದು. ಪೋಷಕಾಂಶದ್ದು ಕೂಡುವ ಲೆಕ್ಕ. ಕೂಡಲು ತಟ್ಟೆಗೆ ಏನಾದರೂ ಬಿದ್ದಿರಬೇಕಲ್ಲ? ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಹೇಳುವುದು ಬಹಳ ಸುಲಭ. ದೊಡ್ಡಮ್ಮ ಕೈಗೆಟುಕಿದ್ದನ್ನು ಆರಿಸಿಕೊಂಡರು. ಕಳೆಯುತ್ತಲೇ ಹೋದರು.

ಆರನೇ ವಾರಕ್ಕೆ ಐದು ಕೆ.ಜಿ. ಇಳಿದಿತ್ತು. ಡಾಕ್ಟರು ರಕ್ತದ ರಿಪೋರ್ಟು ನೋಡಿ ತಲೆಯಾಡಿಸಿದರು.

"ತೂಕದ ಜೊತೆ ರಕ್ತಾನೂ ಇಳಿದುಬಿಟ್ಟಿದೆಯಮ್ಮ. ಹೀಗಿದ್ರೆ ಆಪರೇಷನ್ ಆಗಲ್ಲ. ಈ ಪಟ್ಟಿ ಪ್ರಕಾರ ಊಟ ಮಾಡಿ, ಮುಂದಿನ ಸರದಿಗೆ ನೋಡೋಣ."

ದೊಡ್ಡಮ್ಮ ಪಟ್ಟಿ ಓದಿದರು.

"ಸಾರ್, ಇದು ಎರಡನೇ ವಾರ್ಡಿನ ಊಟ. ದಿನಾ ನಾನೇ ಬೇಯಿಸ್ತೀನಿ. ಇದನ್ನ ಉಣ್ಣೋಕೆ ನಾನೂ ಅಡ್ಮಿಟ್ ಆಗ್ಬೇಕಾ?"

ಡಾಕ್ಟರು ನಕ್ಕರು. ದೊಡ್ಡಮ್ಮ ನಗಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಎಡಗಾಲಿನ ಮೇಲೆ ಭಾರ ಹಾಕಿ ನಿಂತು, ಮೊದಲ ಪಾತ್ರೆಯ ರುಚಿ ನೋಡಿದರು.

ನಿಮ್ಮವರು ಯಾರಾದರೂ ಆಸ್ಪತ್ರೆಯಲ್ಲಿ ಮಲಗಿದ್ದಾಗ ಊಟದ ಗಾಡಿ ಬರುತ್ತದೆ. ಮುಚ್ಚಳ ತೆಗೆಯುವ ಮೊದಲು ತಂದವರನ್ನು ಕೇಳಿ: "ಅಮ್ಮಾ, ನಿಮ್ಮ ತಟ್ಟೆ ಎಲ್ಲಿ?" ಅವರು ತಲೆ ತಗ್ಗಿಸಿದರೆ, ಅದೇ ಪ್ರಶ್ನೆಯನ್ನು ಕಾಗದದ ಮೇಲೆ ಬರೆದು, ಕೆಳಗೆ ನಿಮ್ಮ ಸಹಿ ಹಾಕಿ, ಆಡಳಿತದವರ ಮೇಜಿನ ಮೇಲಿಟ್ಟು ಬನ್ನಿ. ಆಮೇಲೆ ನಿಮ್ಮವರಿಗೆ ಉಣಿಸಿ.