ಹೆಸರು ಹೇಳಿಸುವ ಅನ್ನಪೂರ್ಣಾ

ಧುಪದಾಳ ಊರಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅನ್ನಪೂರ್ಣಾ ಆಗಲೇ ಪಡಸಾಲೆ ಗುಡಿಸಿ, ಹೊಲಿಗೆ ಯಂತ್ರವನ್ನು ಮೂಲೆಗೆ ಸರಿಸಿ, ಗೋಡೆಗೆ ಕರಿಹಲಗೆ ಒರಗಿಸಿದ್ದಾರೆ. ಕಬ್ಬಿನ ಹೊಲಕ್ಕೆ ಹೊರಟ ಹೆಂಗಸರು ಬುತ್ತಿಗಂಟು ಬದಿಗಿಟ್ಟು ಕೂರುತ್ತಾರೆ. ಇವತ್ತಿನ ಇಂಗ್ಲಿಷ್ ಪಾಠ ‘ಹೀ’.

"ಗಂಡಸರ ಬಗ್ಗೆ ಮಾತಾಡುಮುಂದ ಹೀ ಅನಬೇಕ್ರಿ."

ಪಾರವ್ವನಿಗೆ ಖುಷಿಯೋ ಖುಷಿ. "ಚಲೋ ಆತ್ ಬಿಡ್ರಿ ಅಕ್ಕಾರ, ಗಂಡನ ಹೆಸರ ಹೇಳೂದ ತಪ್ತು. ಹೀ ಈಟ್, ಹೀ ಸ್ಲೀಪ್. ನಮ್ಮವ್ರು ಮಾಡೂದೂ ಅಷ್ಟ."

ಪಡಸಾಲೆ ತುಂಬ ನಗು. ಅನ್ನಪೂರ್ಣಾ ಹಲಗೆಯ ಮೇಲೆ ‘ಹಿಸ್ ನೇಮ್ ಈಸ್’ ಎಂದು ಬರೆದು ಮುಂದೆ ಜಾಗ ಬಿಡುತ್ತಾರೆ. ನಗು ಗಪ್ಪನೆ ನಿಲ್ಲುತ್ತದೆ. ಇಲ್ಲಿ ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರುವುದು ಮದುವೆಗೋ ಬಸುರಿಯ ಕುಬಸದ ಕಾರ್ಯಕ್ಕೋ, ಅದೂ ಪ್ರಾಸ ಹೊಂದಿಸಿ ಒಡಪು ಕಟ್ಟಿ ಹೇಳುವಾಗ. ಉಳಿದ ದಿನವೆಲ್ಲ ಬರೀ ‘ಅವರು’. ಆದರೂ ಹೆಸರು ಹೇಳದವರನ್ನು ಅನ್ನಪೂರ್ಣಾ ಏಳಗೊಡುವುದಿಲ್ಲ. ಇದೊಂದರಲ್ಲಿ ಮಹಾ ಹಟಮಾರಿ.

ಅನ್ನಪೂರ್ಣಾ ಓದಿದ್ದು ಪಿಯುಸಿ. ಹಗಲೆಲ್ಲ ಕುಬಸ, ಲಂಗ ಹೊಲಿದು ಹೊಟ್ಟೆ ಹೊರೆಯುತ್ತಾರೆ, ಪಾಠ ಪುಕ್ಕಟೆ. "ಮೇಡಂ ಆಗ್ಯಾಳ" ಎಂದು ಆಡಿಕೊಂಡಿದ್ದ ಓಣಿಯ ಅತ್ತೆಯಂದಿರೇ ಈಗ ಸೊಸೆಯರನ್ನು ಕಳಿಸುತ್ತಾರೆ.

ಹೆಸರು ಹೇಳಿಸುವ ಆ ಹಟದ ಹಿಂದೆ ಪಕ್ಕದ ಘಟಪ್ರಭಾ ಸ್ಟೇಷನ್ನಿನ ಒಂದು ಮುಂಜಾನೆ ಇದೆ. ಸಣ್ಣ ಮಾತಿಗೆ ಮುನಿದ ಗಂಡ ಮಿರಜ್ ಗಾಡಿ ಹತ್ತಲು ಹೊರಟಿದ್ದರು. ಅನ್ನಪೂರ್ಣಾ ಬೆನ್ನಟ್ಟಿ ಓಡಿದರು.

"ಗದ್ದಲದಾಗ ಅವರ ಬೆನ್ನು ಕಾಣಾಕತ್ತಿತ್ತು. ರೀ, ಏನ್ರಿ ಅಂತ ಒದರಿದ್ನಿ. ಅಲ್ಲಿದ್ದ ಗಂಡಸರೆಲ್ಲಾ ತಿರುಗಿ ನೋಡಿದ್ರು, ಅವರೊಬ್ರ ನೋಡಲಿಲ್ಲ. ಹೆಸರ ನಾಲಿಗಿ ತುದಿಗೇ ಇತ್ರಿ. ಮಂದಿ ಏನಂದಾರು ಅಂತ ನುಂಗಿಬಿಟ್ನಿ."

ಗಾಡಿ ಹೋಯಿತು. ವರ್ಷಗಳಾದವು, ಒಂದು ಸುದ್ದಿಯಿಲ್ಲ. ಈಗಲೂ ರೈಲಿನ ಸದ್ದು ಕೇಳಿದರೆ ಯಂತ್ರ ತುಳಿಯುವ ಕಾಲು ತಾನಾಗಿ ನಿಲ್ಲುತ್ತದೆ. ಬಂದರೇನೋ ಎಂಬ ಆಸೆ ಅವರನ್ನು ಬಿಟ್ಟಿಲ್ಲ.

ಇತ್ತ ಪಾಠದಲ್ಲಿ ಕೊನೆಗೂ ಪಾರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಹಿಸ್ ನೇಮ್ ಈಸ್ ಭೀಮಶಿ" ಎಂದು ಹೇಳಿಯೇಬಿಡುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಪಾಠ ಮುಗಿದು ಹೆಂಗಸರು ಹೊಲದ ದಾರಿ ಹಿಡಿಯುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ಅನ್ನಪೂರ್ಣಾ ಹಲಗೆ ಒರೆಸಿ ಸೀಮೆಸುಣ್ಣ ಕೆಳಗಿಡುತ್ತಾರೆ.

"ಇನ್ನೊಮ್ಮೆ ಅವರ ಬೆನ್ನು ಕಂಡ್ರ ಸಾಕ್ರಿ. ಈ ಸಲ ಹೆಸರ ಹಿಡಿದ ಕರೀತೇನಿ." ಬಾಗಿಲಾಚೆ ನೋಡುತ್ತಾ, ದನಿ ಏರಿಸಿ ಕರೆಯುತ್ತಾರೆ: "ಯಲ್ಲಾಲಿಂಗಾ." ಆಮೇಲೆ ನಾಚುತ್ತಾರೆ. "ದಿನಾ ರೂಢಿ ಮಾಡಾಕತ್ತೇನ್ರಿ."