ಕೊಡದೆ ಇಟ್ಟುಕೊಂಡ ಕೀ

ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಹೆಂಡತಿ ನಾಲ್ಕು ಜನರೆದುರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಹಾಗಂತ ಕಂಡವರ ಕಾರಿಗೋ ಮನೆಗೋ ಮಕ್ಕಳ ಮಾರ್ಕ್ಸಿಗೋ ಉರಿದುಕೊಂಡವನಲ್ಲ. ನನ್ನ ಪಾಲಿನ ಹೊಟ್ಟೆಕಿಚ್ಚೆಲ್ಲ ಬೈಕಿನಲ್ಲೇ ಖರ್ಚಾಗಿದೆ.

ನಾನು ಜಮೀನು ಅಳೆಯುವ ಸರ್ವೆಯರ್. ಸರ್ಕಾರಿ ನೌಕರನಲ್ಲ, ಲೈಸೆನ್ಸ್ ಇಟ್ಟುಕೊಂಡು ಸ್ವಂತಕ್ಕೆ ಕೆಲಸ ಮಾಡುವವನು. ಮನೆ ಕೊಪ್ಪದಲ್ಲಿ, ಕೆಲಸ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನಲ್ಲಿ. ಅಳೆಯಬೇಕಾದ ಜಾಗಕ್ಕೆ ಒಳ್ಳೆಯ ರಸ್ತೆ ಇರುವುದು ಅಪರೂಪ. ಅದಕ್ಕೇ ಒಂಬತ್ತು ವರ್ಷದ ಹಿಂದೆ ಎತ್ತರದ, ಕಲ್ಲು ಕೊರಕಲಿಗೆ ಹೆದರದ ಒಂದು ಅಡ್ವೆಂಚರ್ ಬೈಕ್ ತೆಗೆದುಕೊಂಡೆ. ಮುಕ್ಕಾಲಿ ಸ್ಟ್ಯಾಂಡನ್ನು ಪಕ್ಕಕ್ಕೆ ಕಟ್ಟಿ, ಉಳಿದ ಸಾಮಾನನ್ನು ಹಿಂದಿನ ತಗಡಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಅದರ ಮೇಲೆ ಹೋಗದ ಊರಿಲ್ಲ. ಬೆಳಿಗ್ಗೆ ಚೋಕ್ ಎಳೆದು ಮೂರು ಸಲವಾದರೂ ಸೆಲ್ಫ್ ಒತ್ತದೆ ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ನಾನು ಹೇಳಿಕೊಟ್ಟ ಹಾಗೆ ಬೇರೆಯವರು ಒತ್ತಿದರೆ ಆರು ಸಲ. "ಇದು ನನ್ನ ಮಾತು ಬಿಟ್ಟು ಬೇರೆಯವರ ಮಾತು ಕೇಳೋದಿಲ್ಲ" ಎಂದು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ.

ನರಸಿಂಹರಾಜಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಗೆಳೆಯನೊಬ್ಬ ಅದೇ ಬೈಕನ್ನು ಅದೇ ವಾರ ಕೊಂಡಿದ್ದ. ಬಿಡುವಾದ ಭಾನುವಾರ ಇಬ್ಬರೂ ಕೆರೆಕಟ್ಟೆ ಕಡೆಗೆ ಕಾಡಿನ ರಸ್ತೆಯಲ್ಲಿ ಹೋಗಿ ಬರುತ್ತಿದ್ದೆವು. ಒಂದು ಭಾನುವಾರ ಅವನು ಹೊಸ ಬೈಕಿನಲ್ಲಿ ಬಂದ. ಇನ್ನೂ ಎತ್ತರ, ಇನ್ನೂ ದೊಡ್ಡ ಎಂಜಿನ್, ಮುಂದೆ ಟಿವಿಯಂಥ ಪರದೆ. "ಚೆನ್ನಾಗಿದೆ" ಅಂದೆ. ಏರಿನಲ್ಲಿ ಅವನು ಕಣ್ಮರೆಯಾದ. ನಾನು ಮೇಲೆ ತಲುಪುವಷ್ಟರಲ್ಲಿ ಹೆಲ್ಮೆಟ್ ತೆಗೆದು, ಗೂಡಂಗಡಿಯ ಬೆಂಚಿನ ಮೇಲೆ ಕೂತು, ಅರ್ಧ ಟೀ ಮುಗಿಸಿದ್ದ.

"ನಿಧಾನ ಬಾ ಮಾರಾಯ, ಅರ್ಜೆಂಟ್ ಎಂತದೂ ಇಲ್ಲ. ನಿಂದು ಹಳೇದಲ್ವ" ಅಂದ.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಒಂಬತ್ತು ವರ್ಷದಲ್ಲಿ ಒಂದು ದಿನವೂ ಹಳೆಯದು ಅನ್ನಿಸದ ಬೈಕು ಇಳಿಯುವಾಗ ದಾರಿಯುದ್ದಕ್ಕೂ ಹಳೆಯದೇ ಆಗಿತ್ತು. ಎರಡು ತಿಂಗಳಲ್ಲಿ ನಾನೂ ಅದೇ ಹೊಸ ಬೈಕಿಗೆ ಅಡ್ವಾನ್ಸ್ ಕೊಟ್ಟು ಬಂದೆ. ಬಣ್ಣ ಮಾತ್ರ ಬೇರೆ ಹೇಳಿದೆ, ಅವನನ್ನು ನೋಡಿ ಕೊಂಡೆ ಅಂತ ಆಗಬಾರದಲ್ಲ.

ಹಳೆಯದನ್ನು ಶೋರೂಮಿಗೆ ಎಕ್ಸ್‌ಚೇಂಜ್ ಕೊಡಲು ಮನಸ್ಸಾಗಲಿಲ್ಲ. ಅಲ್ಲಿಂದ ಅದು ಯಾವ ಊರು ಸೇರುತ್ತದೋ ಯಾರಿಗೆ ಗೊತ್ತು. ಮೂರು ತಾಲ್ಲೂಕಿನೊಳಗೇ ಇರಲಿ ಎಂದು ಹುಡುಕಿದೆ. ಬಂದವರಲ್ಲಿ ಒಬ್ಬ ಸೈಲೆನ್ಸರ್ ಬದಲಾಯಿಸುತ್ತೇನೆ ಅಂದ, ಅವನಿಗೆ ಇಲ್ಲ ಅಂದೆ. ಇನ್ನೊಬ್ಬ ಟೈರಿಗೆ ಕಾಲಲ್ಲಿ ಒದ್ದು ನೋಡಿದ, ಅವನಿಗೂ ಇಲ್ಲ. ಕೊನೆಗೆ ಬಂದವಳು ಶೃಂಗೇರಿ ಕಡೆ ಕೆಲಸಕ್ಕೆ ಸೇರಿದ್ದ ಪಶುವೈದ್ಯೆ. ಮೂವತ್ತರ ಆಸುಪಾಸಿನ ಹುಡುಗಿ. ಅಡ್ಡಗದ್ದೆಯಲ್ಲಿ ಬಾಡಿಗೆ ಮನೆ, ದನ ಕರು ನೋಡಲು ದಿನವೂ ಓಡಾಟ, ಸ್ಕೂಟರ್ ಆ ದಾರಿಗಳಲ್ಲಿ ಕೈಕೊಟ್ಟಿತ್ತು. ಹೆಣ್ಣು ನೋಡಲು ಬಂದ ಗಂಡಿಗೂ ಅಷ್ಟು ಪ್ರಶ್ನೆ ಕೇಳುವುದಿಲ್ಲ, ಅವಳಿಗೆ ನಾನು ಕೇಳಿದೆ. ಅವಳು ಎಲ್ಲದಕ್ಕೂ ಉತ್ತರ ಕೊಟ್ಟು, "ಸರ್, ಒಂದು ರೌಂಡ್ ಹೋಗಿ ಬರ್ಲಾ?" ಅಂದಳು.

ಅವಳು ಕೂತು ಚೋಕ್ ಎಳೆದು ಸೆಲ್ಫ್ ಒತ್ತಿದಳು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಜಗಲಿಯಲ್ಲಿ ನಿಂತಿದ್ದ ಹೆಂಡತಿ ನನ್ನ ಮುಖ ನೋಡಿದಳು. "ಬೆಳಿಗ್ಗೆ ಒಮ್ಮೆ ಓಡಿಸಿದ್ದೆ, ಎಂಜಿನ್ ಬಿಸಿ ಇತ್ತು" ಅಂದೆ. ಬೆಳಿಗ್ಗೆ ಓಡಿಸಿರಲಿಲ್ಲ.

ಕಾಗದ ಪತ್ರ ಎಲ್ಲ ಮುಗಿಯಿತು. ಹೊರಡುವಾಗ ಅವಳು ಇನ್ನೊಂದು ಕೀ ಇದೆಯಾ ಎಂದು ಕೇಳಿದಳು. "ಅದು ಹೊಳೆಗೆ ಬಿದ್ದು ಹೋಗಿ ಎಷ್ಟೋ ವರ್ಷ ಆಯ್ತು" ಅಂದೆ. ಕೀ ನನ್ನ ಅಂಗಿಯ ಜೇಬಿನಲ್ಲಿತ್ತು. ನಮ್ಮ ಕಡೆ ದನ ಮಾರಿದರೆ ಅದನ್ನು ಕಟ್ಟಿದ ಹಗ್ಗ ಕೊಡುವುದಿಲ್ಲ. ಕೊಂಡವರು ಹೊಸ ಹಗ್ಗ ತಂದು ಹೊಡೆದುಕೊಂಡು ಹೋಗಬೇಕು, ಹಳೆಯ ಹಗ್ಗ ಕೊಟ್ಟಿಗೆಯಲ್ಲೇ ಉಳಿಯಬೇಕು. ಹಗ್ಗವೂ ಹೋದರೆ ಕೊಟ್ಟಿಗೆಯ ಲಕ್ಷ್ಮಿಯೂ ಹಿಂದೆಯೇ ಹೋಗುತ್ತಾಳೆ ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಸಂಜೆ ಹೆಂಡತಿ ಕೀ ನೋಡಿ ಹುಬ್ಬು ಏರಿಸಿದಾಗ ಇದನ್ನೇ ಹೇಳಿದೆ.

"ಹಗ್ಗದಿಂದ ದನ ಸ್ಟಾರ್ಟ್ ಆಗೋದಿಲ್ಲ" ಅಂದಳು.

ಹೊಸ ಬೈಕು ಬಂತು. ಒಳ್ಳೆಯ ಬೈಕು, ಸುಳ್ಳು ಹೇಳಬಾರದು. ಏರು ಅದಕ್ಕೆ ಏರಲ್ಲ, ಗುಂಡಿ ಗುಂಡಿಯಲ್ಲ. ಆದರೆ ಪರದೆಯ ಮೇಲೆ ಏನೇನೋ ಮಿನುಗುತ್ತದೆ, ಯಾವುದನ್ನು ಒತ್ತಿದರೆ ಏನು ಎಂದು ಗೆಳೆಯನಿಗೆ ಫೋನ್ ಮಾಡಿ ಕೇಳಬೇಕು, ಅವನು ದೊಡ್ಡ ಮೇಷ್ಟರ ಹಾಗೆ ವಿವರಿಸುತ್ತಾನೆ. ನಿಲ್ಲಿಸುವಾಗ ಎರಡೂ ಕಾಲು ಸರಿಯಾಗಿ ನೆಲಕ್ಕೆ ಎಟಕುವುದಿಲ್ಲ. ಅಳತೆಗೆ ಹೋದ ಕಡೆ ಜನ ಬೈಕಿನ ಸುತ್ತ ನಿಂತು ರೇಟು ಕೇಳುತ್ತಾರೆ. ಹಳೆಯದರ ಸುತ್ತ ಯಾರೂ ನಿಲ್ಲುತ್ತಿರಲಿಲ್ಲ, "ಸರ್ವೆಯರ್ ಬಂದ್ರು" ಅಷ್ಟೇ.

ನನ್ನನ್ನು ಆಗ ಬದುಕಿಸಿದ್ದು ಡಾಕ್ಟರ ಫೋನು. ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಸರ್ ಹೋಗಿ ಅಣ್ಣ ಆಗಿತ್ತು.

"ಅಣ್ಣ, ಮೂರನೇ ಗೇರಲ್ಲಿ ಒಂದು ಕುಂಯ್ ಅಂತ ಶಬ್ದ ಬರ್ತದೆ. ಎಂತ ಇರಬಹುದು?"

"ಎಂತದೂ ಇಲ್ಲ ಡಾಕ್ಟ್ರೆ, ಚೈನ್ ಒಣಗಿದೆ. ಎಣ್ಣೆ ಬಿಡಿ, ಸುಮ್ನಾಗ್ತದೆ."

ಇಷ್ಟು ಹೇಳಲು ನಾನು ಅಂಗಳಕ್ಕೆ ಹೋಗಿ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದೆ. ಯಾವ ಸದ್ದಿಗೆ ಯಾವ ಔಷಧ, ಯಾವ ಹಳ್ಳ ದಾಟುವಾಗ ಎಷ್ಟು ಗೇರು, ಎಲ್ಲ ಹೇಳುತ್ತಿದ್ದೆ. "ಗಾಡಿ ಮಾರಿದ್ರೋ, ಬಾಡಿಗೆಗೆ ಕೊಟ್ರೋ?" ಎಂದು ಹೆಂಡತಿ ಕೇಳುತ್ತಿದ್ದಳು. ಅವಳು ತಮಾಷೆಗೆ ಕೇಳಿದ್ದು ನನಗೆ ನಿಜವಾಗಿತ್ತು. ಆ ಫೋನು ಬರುತ್ತಿರುವ ತನಕ ಬೈಕು ಇನ್ನೂ ಅರ್ಧ ನನ್ನದೇ. ಅಳತೆ ಮುಗಿಸಿ, ಕಲ್ಲು ನೆಟ್ಟು, ಈ ಕಡೆಯದು ನಿಮ್ಮದು, ಆ ಕಡೆಯದು ಅವರದು ಎಂದು ಅಣ್ಣ ತಮ್ಮಂದಿರಿಗೆ ಬುದ್ಧಿ ಹೇಳುವವನು ನಾನು. ನನ್ನ ಕಲ್ಲು ಎಲ್ಲಿದೆ ಎಂದು ಮಾತ್ರ ನೋಡಿಕೊಳ್ಳಲಿಲ್ಲ.

ನಡುವೆ ಕೊಪ್ಪದ ನಮ್ಮ ಮೆಕ್ಯಾನಿಕ್ ಒಂದು ದಿನ ಸಿಕ್ಕಿದ. ಒಂಬತ್ತು ವರ್ಷ ಆ ಬೈಕನ್ನು ಬಿಚ್ಚಿ ಜೋಡಿಸಿದವನು ಅವನೇ. ಈಗ ಡಾಕ್ಟರೂ ಸರ್ವೀಸಿಗೆ ಅವನಲ್ಲಿಗೇ ಬರುತ್ತಾಳೆ.

"ಮೇಡಂ ಕೈಗೆ ಹೋದ ಮೇಲೆ ಗಾಡಿ ಭಾರಿ ಹುಷಾರಾಗಿದೆ. ಬೆಳಿಗ್ಗೆ ಒಂದೇ ಸೆಲ್ಫು" ಅಂದ. "ನೀವು ಸ್ಟಾರ್ಟ್ ಮಾಡುವಾಗ ಆಕ್ಸಿಲೇಟರ್ ತಿರುಗಿಸ್ತಿದ್ರಿ. ಆ ಗಾಡಿಗೆ ಅದಾಗದು. ನಾನೂ ಎಷ್ಟು ಸಲ ಹೇಳಿದೆ."

ಅವನು ಹೇಳಿರಬಹುದು. ನನಗೆ ಕೇಳಿಸಿರಲಿಲ್ಲ. ಒಂಬತ್ತು ವರ್ಷ ನಾನು ಅದರ ಹಠ ಅಂದುಕೊಂಡದ್ದು ನನ್ನ ಬಲಗೈಯ ದಡ್ಡತನವಾಗಿತ್ತು. ಅವಳಿಗೆ ಅದು ಹಠವನ್ನೇ ತೋರಿಸಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತೆ, ಸೇರಲಿಲ್ಲ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ, ನೀವು ಬೈಕಿಗೆ ಇಷ್ಟು ಮಾಡ್ತೀರಿ" ಎಂದು ಹೆಂಡತಿ ಮಜ್ಜಿಗೆ ಬಡಿಸಿದಳು.

ಆಮೇಲೆ ಅದನ್ನು ಎಲ್ಲಿ ಕಂಡರೂ ಮೈ ಉರಿಯುತ್ತಿತ್ತು. ತೊಳೆದು ಹೊಳೆಯುತ್ತಿದ್ದರೆ ನನ್ನ ಕಾಲದಲ್ಲಿ ಕೊಳಕಾಗಿತ್ತು ಎಂದು ತೋರಿಸಲು ತೊಳೆದಿದ್ದಾಳೆ ಅನ್ನಿಸುತ್ತಿತ್ತು. ಕೆಸರಾಗಿದ್ದರೆ ನೋಡಿಕೊಳ್ಳುವುದಿಲ್ಲ ಅನ್ನಿಸುತ್ತಿತ್ತು. ಒಮ್ಮೆ ನನ್ನ ತಗಡಿನ ಪೆಟ್ಟಿಗೆಯ ಜಾಗದಲ್ಲಿ ಅವಳ ಔಷಧಿಯ ನೀಲಿ ಪೆಟ್ಟಿಗೆ ಕಂಡು, ಸ್ವಂತ ಮನೆಯಲ್ಲಿ ಬೇರೆಯವರ ಮಂಚ ಕಂಡ ಹಾಗಾಯಿತು.

ಮಳೆಗಾಲ ಮುಗಿದು ಬಿಸಿಲು ಬಿದ್ದ ಒಂದು ದಿನ ತಾಲ್ಲೂಕು ಕಚೇರಿ ಕೆಲಸಕ್ಕೆ ಶೃಂಗೇರಿಗೆ ಹೋಗಿದ್ದೆ, ಹೊಸ ಬೈಕು ಸರ್ವೀಸಿಗೆ ಬಿಟ್ಟಿದ್ದರಿಂದ ಬಸ್ಸಿನಲ್ಲಿ. ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿಗೆ ಬರುವಾಗ, ಒಂದು ಮೆಡಿಕಲ್ ಶಾಪಿನ ಪಕ್ಕದ ಓಣಿಯಲ್ಲಿ ಬೈಕು ನಿಂತಿತ್ತು. ಅವಳು ಕಾಣಲಿಲ್ಲ. ಆ ಎರಡನೇ ಕೀ ನನ್ನ ಕೀಗೊಂಚಲಿನಲ್ಲೇ ಇರುತ್ತಿತ್ತು. ಯಾಕೆ ಅಂದರೆ ಹಗ್ಗ ಅಂತ ಹೇಳುತ್ತಿದ್ದೆ. ಸರಿಯಾಗಿ ಕೂರುತ್ತದಾ ನೋಡೋಣ ಎಂದು ಹಾಕಿದೆ. ಕೂತಿತು. ಹ್ಯಾಂಡಲ್ ಲಾಕ್ ಬಿಚ್ಚಿತು. ಆಕ್ಸಿಲೇಟರ್ ಮುಟ್ಟದೆ ಸೆಲ್ಫ್ ಒತ್ತಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮೆಕ್ಯಾನಿಕ್ ಹೇಳಿದ್ದು ಸರಿ ಎಂದು ಗೊತ್ತಾದ ಸಿಟ್ಟಿಗೇ ಹತ್ತಿ ಹೊರಟುಬಿಟ್ಟೆ.

ಮೆಣಸೆಯವರೆಗೆ ಹೋಗಿ ತಿರುಗಿಸಿಕೊಂಡು ಬರುವುದು, ಹತ್ತು ನಿಮಿಷ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಅವಳು ಸೀಟು ಇಳಿಸಿದ್ದಳು, ಮೊಣಕಾಲು ಮಡಚಿ ಕೂರಬೇಕಾಯಿತು. ಹ್ಯಾಂಡಲನ್ನು ತನ್ನ ಕಡೆಗೆ ಬಾಗಿಸಿಕೊಂಡಿದ್ದಳು. ಕ್ಲಚ್ ಎರಡು ಬೆರಳಿಗೆ ಬರುವಷ್ಟು ಮೆತ್ತಗಾಗಿತ್ತು. ಯಾವುದೂ ನನ್ನ ಅಳತೆಯಲ್ಲಿರಲಿಲ್ಲ. ಆದರೂ ಎಂಜಿನ್ನಿನ ಆ ಸದ್ದು ಕಾಲಿನ ಮೂಲಕ ಹತ್ತಿ ಬಂದಾಗ ಟ್ಯಾಂಕನ್ನು ಒಂದು ಸಲ ತಟ್ಟಿದೆ, ನಾಚಿಕೆ ಇಲ್ಲದೆ ಹೇಳುತ್ತೇನೆ. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಹೆಂಡತಿ ಇರಬೇಕು ಎಂದು ಬಿಟ್ಟೆ.

ಮೆಣಸೆ ದಾಟಿ ಗದ್ದೆಯ ಪಕ್ಕ ನಿಲ್ಲಿಸಿ ಫೋನು ತೆಗೆದೆ. ಏಳು ಮಿಸ್ಡ್ ಕಾಲ್. ಏಳೂ ಡಾಕ್ಟರದ್ದು. ಯಾರೋ ನೋಡಿ ಹೇಳಿದ್ದಾರೆ ಅಂದುಕೊಂಡೆ. ಎಂಟನೆಯದು ಬಂತು, ಎತ್ತಿದೆ.

"ಅಣ್ಣ..." ಅಂದಳು. ಅಳುತ್ತಿದ್ದಳು. "ಅಣ್ಣ, ನಿಮ್ ಗಾಡಿ ಕಳ್ಕೊಂಡುಬಿಟ್ಟೆ. ಮೆಡಿಕಲ್ಲಿಗೆ ಹೋಗಿ ಬರೋದ್ರೊಳಗೆ ಇಲ್ಲ. ಲಾಕ್ ಮಾಡಿದ್ದೆ ಅಣ್ಣ, ಖಂಡಿತ ಮಾಡಿದ್ದೆ. ಪೊಲೀಸ್ ಸ್ಟೇಷನ್ನಿಗೆ ಹೋಗಿ ಅಂತಿದ್ದಾರೆ ಇಲ್ಲಿ. ಮೊದ್ಲು ನಿಮಗೆ ಹೇಳ್ಬೇಕು ಅನ್ನಿಸ್ತು. ನೀವು ನಂಬಿ ಕೊಟ್ಟಿದ್ರಿ, ತಪ್ಪಾಯ್ತು."

ನಿಮ್ಮ ಗಾಡಿ ಅಂದಳು. ಮಾರಿದ ದಿನದಿಂದ ಯಾರ ಬಾಯಿಂದಲಾದರೂ ಆ ಮಾತು ಕೇಳಬೇಕು ಎಂದು ನಾನು ಕಾದಿದ್ದೆ. ಅದರ ಮೇಲೆ ಕಳ್ಳನಾಗಿ ಕೂತಿರುವಾಗ ಕೇಳಿದೆ.

ಸುಳ್ಳು ನಾಲಗೆಯ ತುದಿಯಲ್ಲಿತ್ತು. ಎಲ್ಲಾದರೂ ನಿಲ್ಲಿಸಿ, ಸಿಕ್ಕಿತು ಎಂದು ಹೇಳಬಹುದಿತ್ತು, ಹುಡುಕಿಕೊಟ್ಟವನೂ ಆಗಬಹುದಿತ್ತು. ಅವಳು ಇನ್ನೊಮ್ಮೆ "ತಪ್ಪಾಯ್ತು ಅಣ್ಣ" ಅಂದಾಗ ಆಗಲಿಲ್ಲ.

"ಗಾಡಿ ನನ್ನ ಹತ್ರ ಇದೆ" ಅಂದೆ. "ನಾನೇ ತಂದೆ."

ಆ ಕಡೆ ಅಳು ನಿಂತಿತು. ಆಮೇಲೆ ಅವಳು, "ಕೀ ಹೊಳೆಗೆ ಬಿತ್ತು ಅಂದಿದ್ರಿ" ಅಂದಳು.

ವಾಪಸ್ ಬರುವಾಗ ಓಣಿಯಲ್ಲಿ ನಾಲ್ಕೈದು ಜನ ಇದ್ದರು. "ನಮ್ಮವರೇ ತಗೊಂಡು ಹೋಗಿದ್ರು, ಹೇಳಿದ್ರು, ನಾನೇ ಮರೆತೆ" ಎಂದು ಅವಳು ಅವರಿಗೆಲ್ಲ ಹೇಳಿ ಕಳಿಸಿದಳು. ನನ್ನ ಮರ್ಯಾದೆ ಉಳಿಸಲು ಅವಳು ಅಷ್ಟು ಸುಳ್ಳು ಹೇಳಿದಳು. ನಾನು ಕೀ ಕೊಟ್ಟೆ. ಕೆರೆಕಟ್ಟೆಯಲ್ಲಿ ಒಂದು ಹಸು ಕರು ಹಾಕಲು ಕಷ್ಟಪಡುತ್ತಿದೆ, ತಡವಾಯಿತು ಎಂದಳು. ನೀಲಿ ಪೆಟ್ಟಿಗೆಗೆ ಔಷಧಿ ತುಂಬಿ, ಹೆಲ್ಮೆಟ್ ಹಾಕಿಕೊಂಡು, "ಬರ್ತೀನಿ ಸರ್" ಎಂದು ಹೊರಟಳು. ನಾನು ಕೊಪ್ಪದ ಬಸ್ಸಿಗೆ ನಿಂತೆ. ಸಂಜೆ ಕೆರೆಕಟ್ಟೆಯ ಪರಿಚಯದವರೊಬ್ಬರಿಗೆ ಫೋನ್ ಮಾಡಿ ಕೇಳಿದೆ. ಡಾಕ್ಟರು ಸಮಯಕ್ಕೆ ಬಂದರು, ಹಸು ಕರು ಎರಡೂ ಚೆನ್ನಾಗಿವೆ ಎಂದರು.

ಹೆಂಡತಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಆ ಹುಡುಗಿ ಪಾಪ" ಅಂದಳು, ಅಷ್ಟೇ. ಮುಂದಿನ ವಾರ ಫೋನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅವಳಿಗೆ ಏನಾದರೂ ಕೇಳುವುದಿದ್ದರೆ ಈಗ ಮೆಕ್ಯಾನಿಕ್ಕಿಗೆ ಫೋನ್ ಮಾಡುತ್ತಾಳಂತೆ, ಅವನೇ ಹೇಳಿದ. ಅವನ ಮೇಲೂ ಸ್ವಲ್ಪ ದಿನ ಹೊಟ್ಟೆ ಉರಿಯಿತು.

ಕಳೆದ ತಿಂಗಳು ಕೊಪ್ಪದ ಪೆಟ್ರೋಲ್ ಬಂಕಿನಲ್ಲಿ ನಾನು ಸಾಲಿನಲ್ಲಿದ್ದಾಗ ಹಿಂದೆ ಅದರ ಸದ್ದು ಬಂತು. ತಿರುಗದೆಯೇ ಗೊತ್ತಾಯಿತು. ಜೊತೆಗೆ ಇನ್ನೊಂದು ಸಣ್ಣ ಟಿಕ್ ಟಿಕ್ ಕೂಡ ಇತ್ತು. ಎಂಜಿನ್ನಿನೊಳಗೆ ಟ್ಯಾಪೆಟ್ ಸಡಿಲಾಗಿದೆ, ಈಗಷ್ಟೇ ಶುರುವಾಗಿದೆ, ಒಂಬತ್ತು ವರ್ಷ ಕೇಳಿದ ಕಿವಿಗಲ್ಲದೆ ಬೇರೆಯವರಿಗೆ ತಿಳಿಯುವಂಥದ್ದಲ್ಲ. ನನ್ನ ಎದೆ ಒಂದು ಕ್ಷಣ ಹಿಗ್ಗಿತು. ಅವಳು ಪಕ್ಕಕ್ಕೆ ಬಂದು ನಿಲ್ಲಿಸಿ, ಆರಾಮಾ ಎಂದು ನಕ್ಕಳು, ನಗುವಿನಲ್ಲಿ ಏನೂ ಕಹಿ ಇರಲಿಲ್ಲ.

"ಡಾಕ್ಟ್ರೆ, ಅದು ಒಂದು ಶಬ್ದ..." ಅಂದೆ.

"ಟ್ಯಾಪೆಟ್ ಅಲ್ವಾ" ಅಂದಳು. "ಸೋಮವಾರದಿಂದ ಬರ್ತಾ ಇದೆ. ಅದನ್ನೇ ಮೆಕ್ಯಾನಿಕ್ಕಿಗೆ ತೋರಿಸ್ಲಿಕ್ಕೆ ಬಂದೆ."

ನನಗಿಂತ ಮೊದಲೇ ಅವಳಿಗೆ ಕೇಳಿಸಿತ್ತು.