ಕೌದಿಯ ನಾಲ್ಕನೆಯ ಮೂಲೆ

ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ, ಒಣಗಿದ ಬೇವಿನ ಸೊಪ್ಪಿನ ನಡುವೆ, ಒಂದು ಮೂಲೆ ಹೊಲಿಯದೆ ಉಳಿದ ಕೌದಿಯೊಂದು ಬಹಳ ಕಾಲ ಮಡಿಸಿಕೊಂಡು ಮಲಗಿತ್ತು. ಮೂರು ಮೂಲೆ ಅಚ್ಚುಕಟ್ಟು. ನಾಲ್ಕನೆಯದು ಮಾತ್ರ ಹಸಿದ ಮಗುವಿನ ಬಾಯಿಯಂತೆ ತೆರೆದೇ ಇತ್ತು. ಮೈಸೂರು ಲಕ್ಷ್ಮೀಪುರದ ಈ ಮನೆಗೆ ನಾನು ಎರಡನೆಯ ಹೆಂಡತಿಯಾಗಿ ಬಂದಾಗ, ಪಾತ್ರೆ ಪಡಗ, ಹಿತ್ತಲ ಹಸು, ಕಣ್ಣಿಗೆ ಪೊರೆ ಬಂದ ಅತ್ತೆ, ಇನ್ನೂ ತೊದಲುತ್ತಿದ್ದ ಮಗಳು ಲೂರ್ದು, ಇವರೆಲ್ಲರ ಜೊತೆಗೆ ಆ ಕೌದಿಯೂ ನನ್ನ ಪಾಲಿಗೆ ಬಂತು. ಅದನ್ನು ಹೊಲಿಯುತ್ತಿದ್ದವಳು ಯಜಮಾನರ ಮೊದಲ ಹೆಂಡತಿ ಜ್ಞಾನಮ್ಮ. ಲೂರ್ದುವನ್ನು ಹೆತ್ತು, ಬಾಣಂತಿ ಜ್ವರ ಹಿಡಿದು, ಆ ವರ್ಷದ ಕ್ರಿಸ್ಮಸ್ ಹಬ್ಬವನ್ನು ಕಾಣದೆ ಹೋದಳು.

ನೀವು ಯಾರ ಮೇಲಾದರೂ ಹೊಟ್ಟೆಕಿಚ್ಚು ಪಡುವುದಿದ್ದರೆ ದಯಮಾಡಿ ಬದುಕಿರುವವರ ಮೇಲೆಯೇ ಪಡಿ. ಬದುಕಿರುವವರು ಇವತ್ತಲ್ಲ ನಾಳೆ ಒಂದು ತಪ್ಪು ಮಾಡಿ ನಮಗೆ ಸಮಾಧಾನ ಕೊಡುತ್ತಾರೆ. ಸತ್ತವರ ಕೈಯಲ್ಲಿ ಅನ್ನ ಸೀಯುವುದಿಲ್ಲ, ಸಾರಿಗೆ ಉಪ್ಪು ಹೆಚ್ಚಾಗುವುದಿಲ್ಲ, ಅವರು ಅತ್ತೆಗೆ ಎದುರು ಮಾತಾಡಿದ್ದು ಯಾರಿಗೂ ನೆನಪಿರುವುದಿಲ್ಲ. ನಾನು ಕಜ್ಜಾಯ ಮಾಡಿದರೆ ಅದು ಜ್ಞಾನಮ್ಮನ ಕಜ್ಜಾಯಕ್ಕಿಂತ ಗಟ್ಟಿ; ಬಾಲಯೇಸುವನ್ನು ಮಲಗಿಸಲು ರಂಗು ರಂಗಿನ ಕಾಗದ ಅಂಟಿಸಿ ಗೋದಲಿ ಕಟ್ಟಿದರೆ ಅದು ಜ್ಞಾನಮ್ಮ ಕಟ್ಟಿದ ಗೋದಲಿಗಿಂತ ಕುಳ್ಳು. ಯಾರೂ ನನ್ನನ್ನು ಬೈಯುತ್ತಿರಲಿಲ್ಲ, ನಿಟ್ಟುಸಿರು ಬಿಡುತ್ತಿದ್ದರು ಅಷ್ಟೆ. ಬೈದಿದ್ದರೆ ವಾಸಿಯಿತ್ತು. ಈ ಮನೆಯಲ್ಲಿ ಒಂದೇ ಒಂದು ವಸ್ತುವನ್ನು ತೋರಿಸಿ ಇದು ಇವಳದು ಎಂದು ನಾಲ್ಕು ಜನ ಹೇಳಬೇಕೆಂಬ ಆಸೆ ನನ್ನನ್ನು ಒಳಗೊಳಗೇ ಸುಡುತ್ತಿತ್ತು.

ಲೂರ್ದುವಿಗೆ ಹಾಲು ಹಲ್ಲು ಬೀಳತೊಡಗಿದ ವರ್ಷ, ಈ ಹಬ್ಬಕ್ಕೆ ಮಗು ಅವಳ ಅಮ್ಮನ ಕೌದಿಯನ್ನೇ ಹೊದೆಯಲಿ, ನೀನೇ ಮುಗಿಸಿಕೊಡು ಎಂದು ಅತ್ತೆ ಪೆಟ್ಟಿಗೆಯ ಬೀಗದ ಕೈ ನನ್ನ ಕೈಗೆ ಕೊಟ್ಟರು. ಕೌದಿಯನ್ನು ಪಡಸಾಲೆಯಲ್ಲಿ ಹರಡಿದೆ. ಮಾವನವರ ರುಮಾಲಿನ ತುಂಡು, ಯಜಮಾನರ ಹಳೆಯ ಕೋಟಿನ ಅಸ್ತರು, ಅತ್ತೆಯ ಕುಪ್ಪಸ, ಮೊದಲ ಮೂಲೆಯ ಪಕ್ಕದಲ್ಲಿ ಜ್ಞಾನಮ್ಮನ ಊದಾ ಬಣ್ಣದ ಮದುವೆ ಸೀರೆಯ ಅಂಗೈಯಗಲದ ಚೂರು. ನನ್ನದೆಂಬ ಒಂದು ಎಳೆಯೂ ಅದರಲ್ಲಿಲ್ಲ. ಮೇಲೆಲ್ಲ ಅವಳ ಹೊಲಿಗೆ, ಸಾಸಿವೆ ಸಾಲಿಟ್ಟ ಹಾಗೆ ಸಣ್ಣದು, ಒಂದೇ ಸಮ. ನೋಡುತ್ತಾ ನೋಡುತ್ತಾ ಮೈ ಉರಿಯಿತು.

ಆಗ ಹೊಳೆದದ್ದು ನನ್ನ ಪಾಡು ಎಂಥದೆಂದು. ನನ್ನ ಹೊಲಿಗೆ ಅವಳದಕ್ಕಿಂತ ಒರಟಾದರೆ ಬಂದವರೆಲ್ಲ ಬೆರಳಿಟ್ಟು, ಇಲ್ಲಿಂದ ಎರಡನೆಯವಳು ಹೊಲಿದದ್ದು ಎನ್ನುತ್ತಾರೆ. ಅವಳದರಷ್ಟೇ ಚೆನ್ನಾದರೆ ಕೌದಿಯೆಲ್ಲ ಅವಳದೇ ಎಂದುಕೊಳ್ಳುತ್ತಾರೆ. ತಪ್ಪಿದರೆ ನಾನು, ಒಪ್ಪಿದರೆ ಅವಳು. ಕೆಂಪು ದಾರ ಹಾಕಿ ನನ್ನ ಗುರುತು ಎದ್ದು ಕಾಣುವಂತೆ ಮಾಡಿಬಿಡಲೇ ಎಂದೂ ಯೋಚಿಸಿದೆ. ದಾರವನ್ನು ಸೂಜಿಗೆ ಪೋಣಿಸಿಯೂ ಇದ್ದೆ. ಆದರೆ ಹೆಣ್ಣಿನ ಮತ್ಸರಕ್ಕೆ ಒಂದು ಮರ್ಯಾದೆಯಿದೆ, ಅದು ಎದುರಾಳಿಯನ್ನು ಅವಳ ಆಟದಲ್ಲಿಯೇ ಸೋಲಿಸಲು ಬಯಸುತ್ತದೆ. ಬಿಳಿಯ ದಾರವನ್ನೇ ಹಿಡಿದು, ಅವಳ ಹೊಲಿಗೆಯ ಪಕ್ಕದಲ್ಲಿ ನನ್ನ ಹೊಲಿಗೆ ಇಟ್ಟು, ಉದ್ದವಾದದ್ದನ್ನೆಲ್ಲ ಬಿಚ್ಚಿ, ಮತ್ತೆ ಹೊಲಿದೆ. ಮೂಲೆಯ ಬಟ್ಟೆಯಲ್ಲಿ ಮೊದಲೇ ಸಣ್ಣ ಸಣ್ಣ ತೂತುಗಳ ಸಾಲುಗಳಿದ್ದವು. ನುಸಿ ತಿಂದಿರಬೇಕೆಂದು ಸುಮ್ಮನಾದೆ. ಮೂಲೆ ಮಡಿಸುವುದು ನನಗೆ ಕಷ್ಟವಾಗಲಿಲ್ಲ. ಕನ್ಯಾಸ್ತ್ರೀಯರ ಮಠದಲ್ಲಿ ಓದುವಾಗ ಕರವಸ್ತ್ರದ ಮೂಲೆಗಳನ್ನು ಹೊಲಿದು ಹೊಲಿದು ನನ್ನ ಬೆರಳು ಜಡ್ಡುಗಟ್ಟಿದ್ದವು.

ಅತ್ತೆಯ ತವರಿನ ಕಡೆ ಒಂದು ಪದ್ಧತಿ. ಕೌದಿಯ ಕೊನೆಯ ಹೊಲಿಗೆ ಹಾಕುವ ಮುಂಚೆ ಅದರ ಹೊಟ್ಟೆ ತುಂಬಿಸಬೇಕು, ಹಸಿದ ಕೌದಿ ಮೈ ಬೆಚ್ಚಗಿಡುವುದಿಲ್ಲವೆಂದು ಅವರ ನಂಬಿಕೆ. ಮುಗಿಸುವವಳೇ ತನ್ನ ಕೈಯಾರೆ ತುಂಬಬೇಕು. ಹಬ್ಬದ ಹಿಂದಿನ ದಿನ ನಾನು ಒಂದು ಚಿಟಿಕೆ ಅಕ್ಕಿಯನ್ನೂ ನನ್ನ ಗಟ್ಟಿ ಕಜ್ಜಾಯದ ಒಂದು ಚೂರನ್ನೂ ಆ ತೆರೆದ ಬಾಯಿಗೆ ಹಾಕಿ, ಮುಚ್ಚಿ, ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದೆ. ಜ್ಞಾನಮ್ಮನ ಕೌದಿ ಕೊನೆಗೂ ನನ್ನ ಕಜ್ಜಾಯ ತಿಂದಿತಲ್ಲ ಎಂದು ಒಳಗೇ ನಕ್ಕೆ.

ಹಬ್ಬದ ಬೆಳಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಕೌದಿಯನ್ನು ಪಡಸಾಲೆಯ ಮಂಚದ ಮೇಲೆ ಹಾಸಿದೆ. ಪಕ್ಕದ ಮನೆಯ ಗೌರಮ್ಮನವರು, ಹಣೆಯ ತುಂಬ ವಿಭೂತಿ ಧರಿಸಿ, ನಮಗೆಂದು ತಟ್ಟೆಯಲ್ಲಿ ಬಾಳೆಹಣ್ಣು ಹಿಡಿದು ಬಂದರು. ಜ್ಞಾನಮ್ಮನಿಗೆ ಅವರು ಒಡಹುಟ್ಟಿದವಳಂತೆ ಇದ್ದವರು. ಕೌದಿಯ ಮೇಲೆ ಕೈಯಾಡಿಸುತ್ತ ಹೋಗಿ ಸರಿಯಾಗಿ ನಾಲ್ಕನೆಯ ಮೂಲೆಯಲ್ಲೇ ನಿಂತರು.

“ಈ ಮೂಲೆ ನೋಡಿ. ಜ್ಞಾನಮ್ಮನ ಕೈ ಅಂದ್ರೆ ಜ್ಞಾನಮ್ಮನ ಕೈಯೇ ಕಣ್ರೀ.”

ನಾನು ಕಾಫಿಯ ಲೋಟವನ್ನು ಅವರ ಮುಂದಿಟ್ಟೆ. ಅತ್ತೆ ಗೋಡೆಗೊರಗಿ ಕೂತಿದ್ದವರು ಮುಂದೆ ಬಾಗಿ, ಕಾಣದ ಕಣ್ಣಿನ ಬದಲು ಬೆರಳಿನಿಂದ ಆ ಮೂಲೆಯನ್ನು ನಿಧಾನವಾಗಿ ಸವರಿದರು.

“ಆ ಮೂಲೆ ಇವಳ್ದು ಕಣಮ್ಮ. ಮಿಕ್ಕ ಮೂರೂ ನಂದು. ಜ್ಞಾನಮ್ಮಂಗೆ ಮೂಲೆ ತಿರುಗ್ಸೋಕೆ ಬರ್ತಿರ್ಲಿಲ್ಲ. ನಾನು ಮೂರು ಹೊಲ್ದೆ ಅಂತ ಉರ್ಕೊಂಡು, ಇದೊಂದ್ನ ಯಾರಿಗೂ ಕೊಡ್ದೆ, ಹೊಲಿಯೋಳು, ಬಿಚ್ಚೋಳು. ಅಂಗೇ ಬುಟ್ಟು ಹೋದ್ಲು.”

ಇದು ಇವಳದು. ನಾನು ಕಾದಿದ್ದ ಮಾತು, ಅದೂ ಗೌರಮ್ಮನವರ ಎದುರಿಗೆ. ಒಂದು ಕ್ಷಣ ಕುಣಿಯುವಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಆ ತೂತುಗಳ ಸಾಲು ನೆನಪಾಯಿತು. ತುಂಬಿದ ಬಸುರಿ, ಅತ್ತೆಯ ಮೂರು ಮೂಲೆಗಳನ್ನು ನೋಡಿ ನೋಡಿ ಹೊಟ್ಟೆ ಉರಿಸಿಕೊಂಡು, ತನ್ನದೊಂದಾದರೂ ಇರಲೆಂದು ಇದೇ ಕಿಟಕಿಯ ಬೆಳಕಿನಲ್ಲಿ ಹೊಲಿದು ಬಿಚ್ಚುತ್ತ ಕೂತ ಚಿತ್ರ ಕಣ್ಣಿಗೆ ಕಟ್ಟಿತು. ನಾನು ಪೈಪೋಟಿಗೆ ಇಳಿದಿದ್ದದ್ದು ದೇವತೆಯೊಡನೆ ಅಲ್ಲ, ನನ್ನಂಥವಳೇ ಒಬ್ಬಳೊಡನೆ. ಈ ಮೂಲೆ ಎಷ್ಟು ಕಷ್ಟದ್ದೆಂದು ಬಲ್ಲವಳು ಆ ಮನೆಯಲ್ಲಿ ಅವಳೊಬ್ಬಳೇ; ನಾನು ಗೆದ್ದದ್ದನ್ನು ತೋರಿಸಬೇಕಾಗಿದ್ದದ್ದೂ ಅವಳೊಬ್ಬಳಿಗೇ.

ಹಾಗೆಂದು ನನ್ನ ಮತ್ಸರ ಕರಗಿ ನೀರಾಯಿತೆಂದು ತಿಳಿಯಬೇಡಿ. ಈಗಲೂ ಮಲಗುವ ಹೊತ್ತಿಗೆ ಲೂರ್ದು, “ಚಿಕ್ಕಮ್ಮ, ನಮ್ಮಮ್ಮನ ಸೀರೆ ಯಾವ ಕಡೆ?” ಎಂದು ಕೇಳುತ್ತಾಳೆ, ದಿನವೂ ಕೇಳುತ್ತಾಳೆ, ದಿನವೂ ನನಗೆ ಚುರ್ರೆನ್ನುತ್ತದೆ. ಆದರೂ ಕೌದಿಯನ್ನು ತಿರುಗಿಸಿ, ಊದಾ ಚೂರು ಅವಳ ಕೆನ್ನೆಗೆ ತಾಗುವಂತೆ ನಾನೇ ಹೊದಿಸುತ್ತೇನೆ. ಹಾಗೆ ಹೊದಿಸಿದಾಗ ನನ್ನ ಮೂಲೆ ಅವಳ ಕಾಲಿನ ಕಡೆಗೆ ಬೀಳುತ್ತದೆ. ಅದನ್ನು ಎರಡೂ ಪಾದಗಳಿಗೆ ಬಿಗಿಯಾಗಿ ಸುತ್ತುತ್ತೇನೆ. ಮೈಸೂರಿನ ಮಾಗಿಯ ಚಳಿ ಮಕ್ಕಳನ್ನು ಮೊದಲು ಹಿಡಿಯುವುದು ಕಾಲಿನಿಂದಲೇ.